ಒಂದು ತಟ್ಟೆ ಕಡಿಮೆ

ಟೂತ್‌ಪೇಸ್ಟಿನ ಕೊಳವೆಯನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ, ಒಳಮೈಗೆ ಅಂಟಿದ್ದನ್ನು ಬ್ರಷ್ಷಿನಿಂದ ಬಳಿದುಕೊಳ್ಳುತ್ತ ಅವನು ಕನ್ನಡಿಯ ಅಂಚನ್ನು ನೋಡಿದ. ಬಲಗಡೆ, ಚೌಕಟ್ಟಿನ ಮರ ಬಿರಿದಿರುವ ಜಾಗದಲ್ಲಿ, ಕಿತ್ತಳೆ ಬಣ್ಣದ ಆ ಚೂರು ಇರಲಿಲ್ಲ. ನಿನ್ನೆಯೂ ಇರಲಿಲ್ಲ. ಭಾನುವಾರ ಇತ್ತೆ? ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕೈ ತೊಳೆಯಲು ಇಲ್ಲಿಗೇ ಬಂದಿದ್ದ. ಇದೇ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ನಾಲಿಗೆಯಿಂದ ತಳ್ಳುತ್ತ ಒಂದು ನಿಮಿಷ ನಿಂತಿದ್ದ. ಅಂದರೆ ಕಣ್ಣು ಕನ್ನಡಿಯ ಮೇಲೇ ಇತ್ತು. ಆದರೂ ಚೂರು ಇತ್ತೋ ಇಲ್ಲವೋ, ಎಷ್ಟು ತಡಕಾಡಿದರೂ ನೆನಪು ಕೈಗೆ ಹತ್ತುತ್ತಿಲ್ಲ. ಕಾರ್ಖಾನೆಯಲ್ಲಿ ನೂರು ಪದರ ಬಟ್ಟೆ ಹಾಸಿ ಒಂದು ನೂಲು ಓರೆಯಾದರೂ ಕಂಡುಹಿಡಿಯುವ ಈ ಕಣ್ಣು ಬೇಕಾದ ಹೊತ್ತಿನಲ್ಲಿ ಎಲ್ಲಿಗೆ ಹೋಗಿತ್ತು ಎಂದು ತನ್ನ ಮೇಲೇ ರೇಗಿ, ಬಾಯಿ ಮುಕ್ಕಳಿಸಿ, ನಲ್ಲಿ ತಿರುಗಿಸಿದ. ಅದು ತೊಟ್ಟಿಕ್ಕುವುದು ನಿಂತಿದೆಯೇ ಎಂದು ಅಭ್ಯಾಸಬಲದಿಂದ ಇನ್ನೊಮ್ಮೆ ತಿರುಗಿಸಿದ.

ಚಿಕ್ಕಮ್ಮನ ಕಿವಿಯ ಮಷೀನಿಗೆ ಹಾಕುವ ಬ್ಯಾಟರಿ ಅಂಗಿಯ ಗುಂಡಿಗಿಂತ ಚಿಕ್ಕದು. ಅದರ ಬೆನ್ನಿಗೆ ಕಿತ್ತಳೆ ಬಣ್ಣದ ಒಂದು ಅಂಟುಚೂರು ಇರುತ್ತದೆ. ಅದನ್ನು ಕಿತ್ತರೆ ಬ್ಯಾಟರಿ ಗಾಳಿ ಕುಡಿದು ಜೀವ ಹಿಡಿಯುತ್ತದೆ. ಒಮ್ಮೆ ಕಿತ್ತ ಮೇಲೆ ಮುಗೀತು, ಹಾಕ್ಕೊಂಡರೂ ಖರ್ಚಾಗುತ್ತೆ, ಹಾಕ್ಕೊಳ್ಳದೆ ಇದ್ದರೂ ಖರ್ಚಾಗುತ್ತೆ ಎಂದು ಅಂಗಡಿಯವನು ಹೇಳಿದ್ದನ್ನು ಅವನು ನಂಬಿರಲಿಲ್ಲ. ಮಾರುವವನು ಹಾಗಲ್ಲದೆ ಹೇಗೆ ಹೇಳಿಯಾನು? ಮನೆಗೆ ಬಂದವನೇ ಚಿಕ್ಕಮ್ಮನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಪಾಠ ಮಾಡಿದ. ಮಷೀನು ಬೇಕಾದಾಗ ಚೂರು ಕಿತ್ತು ಚೌಕಟ್ಟಿಗೆ ಅಂಟಿಸು, ಯಾರೂ ಮಾತಾಡಿಸದ ಹೊತ್ತಲ್ಲಿ ಬ್ಯಾಟರಿ ತೆಗೆದು ಚೂರನ್ನು ವಾಪಸ್ ಅದರ ಬೆನ್ನಿಗೆ ಅಂಟಿಸಿಬಿಡು, ಹತ್ತು ದಿನ ಬರೋದು ಹದಿನೈದು ಬರುತ್ತೆ ಎಂದ. ಚಿಕ್ಕಮ್ಮ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದಳು. ಯಾರೂ ಮಾತಾಡಿಸದ ಹೊತ್ತು ಯಾವುದು ಎಂದು ಅವಳು ಕೇಳಲಿಲ್ಲ, ಅವನಿಗೂ ಆಗ ಅದು ಹೊಳೆಯಲಿಲ್ಲ. ಆವತ್ತಿನಿಂದ ಚೂರು ಕನ್ನಡಿಯ ಮೇಲಿದ್ದರೆ ಚಿಕ್ಕಮ್ಮನ ಕಿವಿ ತೆರೆದಿದೆ ಎಂದೂ, ಇಲ್ಲದಿದ್ದರೆ ಮುಚ್ಚಿದೆ ಎಂದೂ ಮನೆಯವರೆಲ್ಲ ತಿಳಿಯುವಂತಾಯಿತು.

ಭಾನುವಾರ ಅವಳು ಅಡುಗೆಮನೆಯ ಕಿಟಕಿಯ ಕೆಳಗೆ, ಗಿಡ್ಡ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಹೆಂಡತಿ ಪಾತ್ರೆ ಉಜ್ಜುತ್ತಿದ್ದಳು. ಅವನು ಬಾಗಿಲಿಗೆ ಒರಗಿ, ಆ ತಿಂಗಳ ಖರ್ಚು ಬರೆದ ಹಾಳೆಯನ್ನು ಹಿಡಿದು, ಹಾಲು ಅರ್ಧ ಲೀಟರಿಗೆ ಇಳಿಸಿದ್ದು, ಪತ್ರಿಕೆ ನಿಲ್ಲಿಸಿದ್ದು, ನಡುಮನೆಯ ಬಲ್ಬು ಕಳಚಿದ್ದು ಎಲ್ಲವನ್ನೂ ಒಪ್ಪಿಸಿ, ಆದರೂ ಸಾಲುತ್ತಿಲ್ಲವಲ್ಲ ಎಂದ. ಹೆಂಡತಿ ತಿರುಗದೆಯೇ, ಇನ್ನೇನು ಉಳಿದಿದೆ ಕತ್ತರಿಸೋದಕ್ಕೆ, ನಮ್ಮ ನಾಲಿಗೆ ಒಂದನ್ನು ಬಿಟ್ಟು ಎಂದು ಕೇಳಿದಳು. ಆಗ ಅವನ ಬಾಯಿಂದ ಅದು ಬಂತು.

“ಈ ಮನೇಲಿ ಒಂದು ತಟ್ಟೆ ಕಡಿಮೆಯಾದರೆ ತಿಂಗಳು ತಾನಾಗೇ ಸರಿಹೋಗುತ್ತೆ.”

ಹೆಂಡತಿಯ ಕೈ ನಿಂತಿತು. ಅವಳು ಚಿಕ್ಕಮ್ಮನತ್ತ ನೋಡಿ, ಆಮೇಲೆ ಅವನತ್ತ ನೋಡಿದಳು. ಅವನು ತನ್ನ ಕಿವಿಯನ್ನು ಬೆರಳಿನಿಂದ ಮುಟ್ಟಿ ಅಂಗೈ ಅಲ್ಲಾಡಿಸಿದ, ಕೇಳಿಸಲ್ಲ ಬಿಡು ಎನ್ನುವ ಹಾಗೆ. ಮಾತು ಹೇಗೋ ಜಾರಿತು ಅನ್ನಬಹುದು, ನಾಲಿಗೆಗೆ ಎಲುಬಿಲ್ಲ ಅನ್ನಬಹುದು. ಆದರೆ ಆ ಕೈಸನ್ನೆ ಜಾರಿದ್ದಲ್ಲ. ಅದನ್ನು ಅವನು ಯೋಚಿಸಿಯೇ ಮಾಡಿದ್ದ, ಮಾಡುವಾಗ ತುಟಿಯ ಮೇಲೆ ಸಣ್ಣ ನಗೆಯೂ ಇತ್ತು. ಬಟಾಣಿ ಮಾತ್ರ ಬಟ್ಟಲಿಗೆ ಬೀಳುತ್ತಲೇ ಇತ್ತು, ಅದೇ ವೇಗದಲ್ಲಿ. ಅದೇ ವೇಗದಲ್ಲೇ ಬೀಳುತ್ತಿತ್ತೆ? ಒಂದು ಕಾಯಿಗೂ ಇನ್ನೊಂದು ಕಾಯಿಗೂ ನಡುವೆ ಒಂದು ಕ್ಷಣ ಹೆಚ್ಚು ಹಿಡಿದಿತ್ತೆ? ಎರಡು ದಿನದಿಂದ ಅವನು ಅದನ್ನೇ ಕೇಳಿಸಿಕೊಳ್ಳುತ್ತಿದ್ದಾನೆ.

ತಿಂಡಿಗೆ ಕೂತಾಗ ಚೂರಿನ ಮಾತನ್ನು ಏನೋ ನೆಪಕ್ಕೆಂಬಂತೆ ತೆಗೆದ. ಕನ್ನಡಿಯ ಮೇಲೆ ಇರುತ್ತಿತ್ತಲ್ಲ, ಕಾಣುತ್ತಿಲ್ಲ ಎಂದ. ಹೆಂಡತಿ ಅವನ ತಟ್ಟೆಗೆ ಬಡಿಸುತ್ತ, ಅದರ ಅಂಟು ಒಣಗಿ ಶುಕ್ರವಾರವೇ ಬೇಸಿನ್ನಿನಲ್ಲಿ ಬಿದ್ದಿತ್ತು, ಕಸವೆಂದು ತಾನೇ ಎಸೆದೆ, ಈಗ ಚಿಕ್ಕಮ್ಮ ಏನು ಮಾಡುತ್ತಾರೋ ಗೊತ್ತಿಲ್ಲ ಎಂದಳು. ಅವಳು ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು, ಗಿರಾಕಿಗಳ ಜೇಬಿನಲ್ಲಿ ಉಳಿದದ್ದನ್ನೆಲ್ಲ ಜೋಪಾನ ಮಾಡುವವಳು, ಈ ಒಂದು ಚೂರನ್ನು ಎಸೆದಿದ್ದಳು. ಅವನ ಮುಖ ನೋಡಿ, ಯಾಕೆ, ಅದನ್ನೂ ಹಾಳೆಯಲ್ಲಿ ಬರೀಬೇಕಿತ್ತಾ ಎಂದು ಕೇಳಿದಳು. ಭಾನುವಾರದ ಆ ಮಾತಿನ ಮೇಲೆ ಅವಳು ಇದುವರೆಗೆ ಒಂದಕ್ಷರ ಎತ್ತಿಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು, ಆ ಸುಖವನ್ನೂ ಅವಳು ಅವನಿಗೆ ಕೊಟ್ಟಿರಲಿಲ್ಲ. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮಗಳು ಮಾತ್ರ ಬ್ಯಾಗು ಹೆಗಲಿಗೇರಿಸುತ್ತ, ಆಡಿಟರ್ ಸಾಹೇಬರೇ, ದಿನಕ್ಕೆ ಎಷ್ಟು ಸಲ ಉಸಿರು ಬಿಡಬಹುದು ಅಂತ ಗೋಡೆಗೆ ಬರೆದು ಹಾಕಿದರೆ ನಮಗೂ ಅನುಕೂಲ ಎಂದಳು. ಅವನು ನಕ್ಕ. ಈ ಉಳಿತಾಯವೆಲ್ಲ ನಿನ್ನ ಕಾಲೇಜಿಗೇ ಮಹಾರಾಯ್ತಿ ಎಂದು ಅವನು ಎರಡು ತಿಂಗಳಿಂದ ಹೇಳುತ್ತ ಬಂದಿದ್ದ, ಎಲ್ಲರೂ ನಂಬಿದ್ದರು.

ಚಿಕ್ಕಮ್ಮ ಎದುರಿಗೆ ಕೂತಿದ್ದಳು. ಅವಳ ಬಿಳಿ ಕೂದಲು ಕಿವಿಯನ್ನು ಮುಚ್ಚಿತ್ತು, ಮಷೀನು ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಬಗ್ಗಿ ನೋಡುವ ಹಾಗೂ ಇಲ್ಲ. ಹೆಂಡತಿ ಸೌಟು ಎತ್ತಿದಳಷ್ಟೆ, ಇನ್ನೂ ವಾಲಿಸಿರಲಿಲ್ಲ, ಚಿಕ್ಕಮ್ಮ ಕೈ ಅಡ್ಡ ಹಿಡಿದು “ಸಾಕು” ಎಂದಳು. ಮೊದಲೂ ಹಾಗೇ ಅನ್ನುತ್ತಿದ್ದಳೆ? ಅನ್ನುತ್ತಿದ್ದಳು. ಪತ್ರಿಕೆ ನಿಲ್ಲಿಸಿದಾಗಲೂ, ಸಾಕು ಬಿಡು, ಹಳೇದನ್ನೇ ಇನ್ನೊಂದು ಸಲ ಓದ್ತೀನಿ, ಯಾರು ಸತ್ತರು ಅಂತ ಮರೆತೇ ಹೋಗಿರುತ್ತೆ ಎಂದಿದ್ದಳು. ಅರ್ಧ ಬಕೆಟ್ ನೀರಿಗೂ ಸಾಕು, ಸವೆದ ಸೋಪಿನ ಬಿಲ್ಲೆಗಳನ್ನು ಒಂದಕ್ಕೊಂದು ಒತ್ತಿ ಮಾಡಿದ ಮೂರು ಬಣ್ಣದ ಸೋಪಿಗೂ ಸಾಕು. ಆ ಸಾಕುಗಳನ್ನೆಲ್ಲ ಅವನು ಒಪ್ಪಿಗೆ ಎಂದೇ ತಿಳಿದು ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದ. ಇವತ್ತಿನದು ಬೇರೆ ಸಾಕು ಎನ್ನಿಸಿತು. ಅಥವಾ ಅದೇ ಸಾಕು, ಕೇಳುವ ಕಿವಿ ಬೇರೆಯಾಗಿದೆ. ಅವನನ್ನು ಒಂದನೆಯ ತರಗತಿಗೆ ಸೇರಿಸುವಾಗ ಗುಮಾಸ್ತ ತಾಯಿಯ ಹೆಸರಿನ ಮುಂದೆ ದಿವಂಗತ ಎಂದು ಬರೆದು, ಅದರ ಕೆಳಗೆ ಚಿಕ್ಕಮ್ಮನ ಹೆಸರು ಹಾಕಿ, ಪಕ್ಕದಲ್ಲಿ ಸಾಕುತಾಯಿ ಎಂದು ಸೇರಿಸಿದ. ಅಕ್ಷರ ಕೂಡಿಸಿ ಓದಲು ಆಗತಾನೆ ಕಲಿತಿದ್ದ ಅವನು ಅದಕ್ಕೆ ತನ್ನದೇ ಅರ್ಥ ಮಾಡಿಕೊಂಡ. ಕೆಲವರಿಗೆ ತಾಯಿ ಇರುತ್ತಾಳೆ, ತನಗೆ ಸಾಕುತಾಯಿ ಇದ್ದಾಳೆ, ಅಂದರೆ ಇವಳೊಬ್ಬಳೇ ಸಾಕಾಗುವಷ್ಟು ತಾಯಿ. ಮೂರನೆಯ ತರಗತಿಯಲ್ಲಿ ಒಬ್ಬ ಅದರ ಸರಿಯಾದ ಅರ್ಥ ಹೇಳಿ ಹಂಗಿಸುವ ತನಕ ಅವನು ಅದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ತಟ್ಟೆಯಲ್ಲಿದ್ದದ್ದನ್ನು ಹಾಗೂ ಹೀಗೂ ಮುಗಿಸಿದ. ನೀರು ಕುಡಿದು ಎದ್ದ.

ಬಸ್ಸು ಬಿಟ್ಟು ನಡೆಯಲು ತೊಡಗಿ ಎರಡು ತಿಂಗಳಾಗಿತ್ತು. ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂದು ಮನೆಯಲ್ಲಿ ಹೇಳಿದ್ದ, ಚಪ್ಪಲಿ ಸವೆಯುವುದನ್ನು ಹಾಳೆಯಲ್ಲಿ ಎಲ್ಲಿ ಬರೆಯಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ನಡೆಯುತ್ತ ಲೆಕ್ಕ ಹಾಕಿದ. ಚೂರು ಶುಕ್ರವಾರವೇ ಕಸಕ್ಕೆ ಹೋಗಿದ್ದರೆ ಭಾನುವಾರ ಕನ್ನಡಿಯಲ್ಲಿ ಏನಿತ್ತು ಎಂಬ ಪ್ರಶ್ನೆಯೇ ವ್ಯರ್ಥ. ಆದರೆ ಚೂರಿಲ್ಲದಿದ್ದರೂ ಅವಳು ಮಷೀನಿನಲ್ಲಿ ಬ್ಯಾಟರಿ ಕೂರುವ ಪುಟ್ಟ ಬಾಗಿಲು ತೆರೆದಿಟ್ಟು, ಅದನ್ನು ಆರಿಸಿ, ಉಳಿಸಿರಬಹುದು. ಹೇಳಿದ ಮಾತು ಮೀರುವವಳಲ್ಲ. ಬಟಾಣಿ ಸುಲಿಯುವಾಗ ಅವಳನ್ನು ಯಾರು ಮಾತಾಡಿಸುತ್ತಾರೆ? ಯಾರೂ ಇಲ್ಲ. ಹಾಗಾದರೆ ಆ ಹೊತ್ತು ಉಳಿಸುವ ಹೊತ್ತೇ. ಇಲ್ಲಿಗೆ ಬಂದು ಅವನ ಎದೆ ಸ್ವಲ್ಪ ಹಗುರಾಯಿತು, ಆಮೇಲೆ ನಾಚಿಕೆಯಾಯಿತು. ತಾನು ಈಗ ಏನನ್ನು ಹಾರೈಸುತ್ತಿದ್ದೇನೆ? ನಾಲ್ಕು ಕಾಸು ಉಳಿಸಲು ಮುದುಕಿಯ ಕಿವಿ ಮುಚ್ಚಿಸಿದ್ದು ಒಳ್ಳೆಯದಾಯಿತು ಎಂದು. ತನ್ನ ಒಂದು ಹಲ್ಕಾ ಕೆಲಸ ಇನ್ನೊಂದು ಹಲ್ಕಾ ಕೆಲಸವನ್ನು ಕಾಪಾಡಲಿ ಎಂದು. ಥೂ, ಎಂದ. ಪಕ್ಕದಲ್ಲಿ ಹೋಗುತ್ತಿದ್ದ ಹೆಂಗಸು ತನಗೇ ಅಂದನೆಂದು ತಿಳಿದು ದುರುಗುಟ್ಟಿ ನೋಡಿದಳು.

ಅವನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರ. ಹಾಸಿದ ಬಟ್ಟೆಯ ಮೇಲೆ ತೋಳು, ಬೆನ್ನು, ಕಾಲರು, ಜೇಬು ಎಲ್ಲದರ ಅಚ್ಚುಗಳನ್ನು ಒಂದರ ಬಗಲಿಗೆ ಒಂದು ಹೇಗೆ ಹೊಂದಿಸಿದರೆ ಚಿಂದಿ ಕಡಿಮೆ ಬೀಳುತ್ತದೆ ಎನ್ನುವುದರಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದ. ಅಂಗಿಯೊಂದಕ್ಕೆ ಎರಡಿಂಚು ಉಳಿಸಿದ್ದಕ್ಕೆ ಒಮ್ಮೆ ಮಾಲೀಕ ಎಲ್ಲರೆದುರು ಬೆನ್ನು ತಟ್ಟಿದ್ದ. ಬಟ್ಟೆಯಲ್ಲಿ ಉಳಿಸಿದರೆ ಭೇಷ್, ಮನೆಯಲ್ಲಿ ಉಳಿಸಿದರೆ ಜಿಪುಣ, ಇದು ಯಾವ ನ್ಯಾಯ ಎಂದು ಹೆಂಡತಿಯೊಡನೆ ವಾದಿಸಿಯೂ ಇದ್ದ. ಎರಡು ತಿಂಗಳ ಹಿಂದೆ ಕಂಪ್ಯೂಟರ್ ಜೋಡಿಸಿದ ಮಷೀನು ಬಂತು. ಅಚ್ಚುಗಳನ್ನು ಅದು ಪರದೆಯ ಮೇಲೆ ತಾನೇ ತಿರುಗಿಸಿ ಮುರುಗಿಸಿ ಹೊಂದಿಸುತ್ತದೆ, ಎರಡಿಂಚಲ್ಲ, ಮೂರೂವರೆ ಉಳಿಸುತ್ತದೆ. ನೀನು ಹಳಬ, ನಿನ್ನನ್ನು ತೆಗೆಯೋದು ನಮಗೂ ಕಷ್ಟ, ಬೆಳಗಿನ ಹೊತ್ತು ಬಾ, ಅರ್ಧ ದಿನ, ಅರ್ಧ ಸಂಬಳ ಎಂದರು. ಇವತ್ತು ಮಷೀನಿನ ಪಕ್ಕ ನಿಂತು ಅದು ಬಿಟ್ಟ ಚಿಂದಿಯನ್ನು ಚೀಲಕ್ಕೆ ತುಂಬುವಾಗ, ಇದನ್ನು ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಮತ್ತೆ ಕೇಳಿಕೊಂಡ. ಮೊದಲ ದಿನ ಹೇಳಬಹುದಿತ್ತು. ಎರಡನೆಯ ದಿನ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಸೇರಿತು. ವಾರವಾಗುವಷ್ಟರಲ್ಲಿ ಹೇಳದೆ ಇರುವುದೇ ಒಂದು ಕೆಲಸವಾಗಿ, ಉಳಿದರ್ಧ ದಿನ ಅದಕ್ಕೇ ಹೋಗತೊಡಗಿತು.

ಮಧ್ಯಾಹ್ನ ಒಂದು ಗಂಟೆಗೆ ಬಿಡುಗಡೆ. ಅಲ್ಲಿಂದ ಆರರವರೆಗೆ ಅವನು ದೊಡ್ಡಾಸ್ಪತ್ರೆಯ ಹೊರರೋಗಿಗಳ ಹಜಾರದಲ್ಲಿ ಕೂರುತ್ತಿದ್ದ. ಫ್ಯಾನು ಇತ್ತು, ಕುಡಿಯುವ ನೀರಿತ್ತು, ಎಷ್ಟು ಹೊತ್ತು ಕೂತರೂ ಯಾರ ಕಡೆಯವರು ಎಂದು ಒಬ್ಬರೂ ಕೇಳುತ್ತಿರಲಿಲ್ಲ, ಚಿಂತೆಯ ಮುಖ ಹೊತ್ತವನಿಗೆ ಅದಕ್ಕಿಂತ ಒಳ್ಳೆಯ ಜಾಗ ಇಡೀ ಊರಿನಲ್ಲಿಲ್ಲ. ಇವತ್ತು ಕೂತ ಹತ್ತು ನಿಮಿಷಕ್ಕೆ ಪಕ್ಕದ ಬೆಂಚಿನಲ್ಲಿ ಒಬ್ಬಾತ ತನ್ನ ತಂದೆಯ ಕಿವಿಗೆ ಬಾಯಿಟ್ಟು, ಮಾತ್ರೆ ತಗೊಂಡ್ಯಾ, ಮಾತ್ರೆ ಎಂದು ಕೂಗತೊಡಗಿದ. ಮುದುಕ ಪ್ರತಿ ಸಲವೂ ಹೂಂ ಎನ್ನುತ್ತಿದ್ದ. ಮಗ ನರ್ಸಿನ ಕಡೆ ತಿರುಗಿ, ಇವರಿಗೆ ಬೇಕಾದ್ದು ಮಾತ್ರ ಕೇಳಿಸುತ್ತೆ ಮೇಡಂ ಎಂದು ನಕ್ಕ. ಇದನ್ನು ಕೇಳಿ ಅವನಿಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೊರಬಿದ್ದ.

ಚಿಕ್ಕಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ಅವನ ಅನ್ನ, ಪುಸ್ತಕ, ಮೊದಲ ಕತ್ತರಿ, ಎಲ್ಲ ಬಂದದ್ದು ಅವಳ ಎರಡು ಕಿವಿಗಳ ದುಡಿಮೆಯಿಂದ, ಆ ಕಿವಿಗಳು ಕೆಟ್ಟದ್ದೂ ಅಲ್ಲೇ. ಸಂಜೆ ಮನೆಗೆ ಬಂದಾಗ ನೆತ್ತಿಯ ಮೇಲೆ ಹೆಡ್‌ಸೆಟ್ಟಿನ ಪಟ್ಟಿಯ ಗೆರೆ ಬಿದ್ದಿರುತ್ತಿತ್ತು, ಅವನು ಅದನ್ನು ಬೆರಳಿನಿಂದ ಸವರುತ್ತಿದ್ದ. ಇವತ್ತು ಯಾರು ಏನು ಮಾತಾಡಿದರು ಚಿಕ್ಕಮ್ಮ ಎಂದು ಗೋಗರೆಯುತ್ತಿದ್ದ. ಊರಿನ ಜಗಳ, ಮದುವೆ, ಮೋಸ ಎಲ್ಲ ಅವಳ ಕಿವಿಯ ಮೂಲಕವೇ ಹಾದುಹೋಗುತ್ತಿತ್ತು, ಅವಳು ಒಂದನ್ನೂ ಮನೆಗೆ ತರಲಿಲ್ಲ. ನಮಗೆ ತಂತಿ ಜೋಡಿಸೋದಷ್ಟೇ ಕೆಲಸ ಪುಟ್ಟಾ, ಒಳಗೆ ಏನು ಹೋಗುತ್ತೆ ಅನ್ನೋದು ನಮಗೆ ತಿಳಿಯಲ್ಲ ಎಂದು ತಲೆ ಸವರಿ ಸುಮ್ಮನಾಗಿಸುತ್ತಿದ್ದಳು. ಸುಳ್ಳೆಂದು ಅವನಿಗೆ ಆಗಲೂ ಗೊತ್ತಿತ್ತು. ಅವಳನ್ನೇ ಕೇಳಿಬಿಡೋಣವೆಂದರೆ ಇಂಥವಳನ್ನು ಏನೆಂದು ಕೇಳುವುದು? ಕಾಲು ಮನೆಯ ದಾರಿ ಹಿಡಿದಿತ್ತು.

ಬೀಗದ ಕೈ ಹಾಕಿ ಬಾಗಿಲು ತೆರೆದಾಗ ಎರಡೂ ಕಾಲಾಗಿತ್ತು. ಹೆಂಡತಿ ಬರಲು ಇನ್ನೂ ಎರಡು ಗಂಟೆ, ಮಗಳು ಐದಕ್ಕೆ. ಬಾಗಿಲಿನ ತಿರುಗಣೆ ಕಿರ್ರೆಂದು ದೊಡ್ಡದಾಗಿಯೇ ಸದ್ದು ಮಾಡಿತು, ಅದಕ್ಕೆ ಎಣ್ಣೆ ಬಿಡುವುದನ್ನೂ ಅವನು ಮುಂದೂಡಿದ್ದ. ಚಿಕ್ಕಮ್ಮ ಹಿಂದಿನ ಕೋಣೆಯಲ್ಲಿ, ಮಂಚದ ತುದಿಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ತಿರುಗಲಿಲ್ಲ. ಅವನು ಹೊಸಿಲಲ್ಲಿ ನಿಂತು, ಚಿಕ್ಕಮ್ಮ ಎಂದ, ಮೆಲ್ಲಗೆ. ಅವಳು ಅಂಗಿಯೊಂದನ್ನು ತೊಡೆಯ ಮೇಲೆ ಹರಡಿ ತೋಳುಗಳನ್ನು ಒಳಕ್ಕೆ ಮಡಚಿದಳು. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕರೆದ. ಅಂಗಿಯ ಸುಕ್ಕನ್ನು ಅಂಗೈಯಿಂದ ತೀಡಿದಳು. ಇಲ್ಲ, ಕೇಳಿಸುತ್ತಿಲ್ಲ. ಮನೆಯಲ್ಲಿ ಒಬ್ಬಳೇ ಇದ್ದಾಗ ಉಳಿಸುತ್ತಿದ್ದಾಳೆ, ಭಾನುವಾರವೂ ಉಳಿಸಿದ್ದಾಳೆ. ಅವನಿಗೆ ಕೂತುಬಿಡಬೇಕೆನಿಸಿತು, ಹೊಸಿಲ ಮೇಲೇ ಕೂತ. ಅವಳ ಬೆನ್ನು ಅವನ ಕಣ್ಣಿನ ಮಟ್ಟದಲ್ಲಿತ್ತು, ರವಿಕೆಯ ಬೆನ್ನಿನ ಹೊಲಿಗೆ ಒಂದೆಡೆ ಬಿಚ್ಚಿಕೊಂಡಿತ್ತು.

ಹಗುರಾದವನಿಗೆ ಬಾಯಿಯೂ ತೆರೆದುಕೊಂಡಿತು. ಆ ಬೆನ್ನಿಗೆ ಅವನು ಹೇಳತೊಡಗಿದ, ಪಿಸುಮಾತಿನಲ್ಲೂ ಅಲ್ಲ, ಎದುರಿಗೆ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ. ಮಷೀನು ಬಂದದ್ದು, ಪರದೆಯ ಮೇಲೆ ಅಚ್ಚುಗಳು ತಮ್ಮಷ್ಟಕ್ಕೆ ತಾವೇ ತಿರುಗುವುದು, ತಾನೀಗ ಚಿಂದಿ ತುಂಬುವುದು, ಅರ್ಧ ದಿನ, ಅರ್ಧ ಸಂಬಳ. ಕಾಲೇಜು ಗೀಲೇಜು ಎಲ್ಲ ಸುಳ್ಳು, ಇದ್ದದ್ದನ್ನು ಎಳೆದು ತಿಂಗಳ ಕೊನೆ ಮುಟ್ಟಿಸಲೂ ಆಗುತ್ತಿಲ್ಲ. ಆಸ್ಪತ್ರೆಯಲ್ಲಿ ಕೂರುವುದನ್ನೂ ಹೇಳಿದ. ಒಂದು ದಿನ ಅಲ್ಲಿ ಯಾರದೋ ಸಾವಾಗಿ ಮನೆಯವರು ಅಳುತ್ತಿದ್ದಾಗ ತನಗೂ ಅಳು ಬಂದದ್ದು, ಅವರಲ್ಲಿ ಒಬ್ಬ ಅಪ್ಪಿಕೊಂಡು ಸಮಾಧಾನ ಮಾಡಿದ್ದು, ತಾನು ಸಮಾಧಾನ ಮಾಡಿಸಿಕೊಂಡದ್ದು. ಹೇಳುವಾಗ ನಗು ಬಂತು, ನಗು ಅರ್ಧಕ್ಕೆ ಕೆಟ್ಟಿತು. ನನಗೆ ಭಯ ಆಗುತ್ತೆ ಚಿಕ್ಕಮ್ಮ, ಎಂದ. ಈ ಮಾತನ್ನು ಅವನು ಹೆಂಡತಿಗೆ ಯಾವತ್ತೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಹೇಳಿ ಮುಗಿದ ಮೇಲೆ ಕೋಣೆಯಲ್ಲಿ ಏನೂ ಬದಲಾಗಿರಲಿಲ್ಲ. ಅವನು ಮೂಗು ಒರೆಸಿಕೊಂಡು ಎದ್ದು, ಬಂದ ಹಾಗೇ ಹೊರಗೆ ಹೋಗಿ ಆರು ಗಂಟೆಗೆ ಮಾಮೂಲಿನಂತೆ ಬಂದರೆ ಸರಿ ಎಂದುಕೊಂಡ.

“ಎಷ್ಟು ದಿನ ಆಯ್ತು?”

ಅವಳು ತಿರುಗಿರಲಿಲ್ಲ. ಕೈಯಲ್ಲಿ ಮಗಳ ಶಾಲೆಯ ಲಂಗವಿತ್ತು, ಅದರ ನೆರಿಗೆಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದಳು. ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

“ಎರಡು ತಿಂಗಳು.”

“ನಿನ್ನ ಹೆಂಡತಿಗೆ ಇವತ್ತೇ ಹೇಳು. ಬೇರೆಯವರ ಬಾಯಿಂದ ಗೊತ್ತಾದರೆ ತಡಕೊಳ್ಳಲ್ಲ ಅವಳು.”

ದನಿಯಲ್ಲಿ ಕೋಪವಿರಲಿಲ್ಲ, ಕರುಣೆಯೂ ಇರಲಿಲ್ಲ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡು, ಇಂಥ ಕಡೆಗೆ ಸಂಪರ್ಕ ಕೊಡುತ್ತೇನೆ ಎಂದು ಹೇಳುವವರ ದನಿ ಅದು. ಬಾಗಿಲು ಕಿರ್ರೆಂದದ್ದೂ, ಎರಡು ಸಲ ಕರೆದದ್ದೂ ಅವಳಿಗೆ ಕೇಳಿಸಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನ ಬಾಯಿಂದ ಏನೋ ಬರಲಿದೆ, ಮುಖ ಕಂಡರೆ ಅದು ಒಳಗೇ ಉಳಿದುಬಿಡುತ್ತದೆ ಎಂದು ತಿಳಿದೇ ಅವಳು ಬೆನ್ನು ಕೊಟ್ಟು ಕೂತಿದ್ದಳು. ಹಾಗಾದರೆ ಅವಳು ಯಾವತ್ತೂ ಉಳಿಸಿರಲೇ ಇಲ್ಲ. ಹಾಲು, ಪತ್ರಿಕೆ, ನೀರು ಎಲ್ಲಕ್ಕೂ ಸಾಕೆಂದವಳು ಕಿವಿಗೆ ಮಾತ್ರ ಸಾಕೆಂದಿರಲಿಲ್ಲ. ಈ ಮನೆಯಲ್ಲಿ ಆಡಿದ ಮಾತೆಲ್ಲ, ಪಾತ್ರೆಯ ಸದ್ದಿನ ನಡುವೆ ಆಡಿದ್ದು ಕೂಡ, ಅವಳನ್ನು ಮುಟ್ಟಿತ್ತು. ಆ ಕೈಸನ್ನೆಯನ್ನು ನೋಡಲು ಕಿವಿ ಬೇಕಾಗಿಯೇ ಇರಲಿಲ್ಲವಲ್ಲ ಎಂಬುದು ಆಗ ಅವನಿಗೆ ಹೊಳೆಯಿತು. ಎರಡು ದಿನ ಬ್ಯಾಟರಿಯ ಹಿಂದೆ ಅಲೆದವನಿಗೆ, ಅವಳಿಗೆ ಕಣ್ಣಿದೆ ಎಂಬುದೇ ನೆನಪಾಗಿರಲಿಲ್ಲ. ಅವನು ಮಂಚವನ್ನು ಸುತ್ತಿ ಬಂದು ಅವಳ ಎದುರಿಗೆ, ನೆಲದ ಮೇಲೆ, ಬಟ್ಟೆಯ ರಾಶಿಯ ಪಕ್ಕದಲ್ಲಿ ಕುಕ್ಕರಿಸಿದ. ಬೈಯಲಿ, ಹೊಡೆಯಲಿ, ನಾಳೆಯೇ ಗಂಟುಮೂಟೆ ಕಟ್ಟುತ್ತೇನೆ ಎನ್ನಲಿ. ಏನಾದರೊಂದು ಅನ್ನಲಿ.

“ಚಿಕ್ಕಮ್ಮ, ಮೊನ್ನೆ ನಾನು...”

“ಅದು ನನಗೆ ಕೇಳಿಸಲಿಲ್ಲ ಪುಟ್ಟಾ” ಎಂದಳು ಚಿಕ್ಕಮ್ಮ, ಅವನಿಗೆ ಮುಗಿಸಲು ಬಿಡದೆ, ಲಂಗವನ್ನು ರಾಶಿಯ ಮೇಲಿಟ್ಟು ಇನ್ನೊಂದು ಬಟ್ಟೆಗೆ ಕೈ ಚಾಚುತ್ತ.